‘ಹ್ಯಾರಿಯೆಟ್’ ಚಿತ್ರವನ್ನು ಇತಿಹಾಸದ ಜೊತೆಗಿಟ್ಟು ನೋಡುವ, ತೋರಿಸುವ ಬಗೆ

ಕೇಸಿ ಲೆಮನ್ಸ್ ನಿರ್ದೇಶನದ ‘ಹ್ಯಾರಿಯೆಟ್’ 2019ರಲ್ಲಿ ತೆರೆಕಂಡ ಅಮೆರಿಕದ ಐತಿಹಾಸಿಕ ಚಿತ್ರ. ಮೇರಿಲ್ಯಾಂಡ್ ರಾಜ್ಯದ ಗುಲಾಮಗಿರಿಯಿಂದ 1849ರಲ್ಲಿ ತಪ್ಪಿಸಿಕೊಂಡು ಫಿಲಡೆಲ್ಫಿಯಾ ನಗರ ಸೇರಿ, ಆ ಬಳಿಕ ಸುಮಾರು ಹತ್ತು ವರ್ಷ ಮತ್ತೆ ಮತ್ತೆ ಅದೇ ಅಪಾಯದ ನೆಲಕ್ಕೆ ಹಿಂತಿರುಗಿ ತನ್ನವರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಅವರ ಬದುಕು ಇದರ ವಸ್ತು. ನಮ್ಮ ಕಾಲೇಜುಗಳಲ್ಲಿ, ಚಿತ್ರ ಸಮಾಜಗಳಲ್ಲಿ, ಊರಿನ ಗ್ರಂಥಾಲಯದ ಓದುಗರ ಬಳಗಗಳಲ್ಲಿ ಗುಲಾಮಗಿರಿಯ ಚರಿತ್ರೆಯನ್ನು ಮಾತಿಗೆತ್ತಿಕೊಳ್ಳಲು ಈ ಚಿತ್ರ ಚೆನ್ನಾಗಿ ಒದಗಿಬರುತ್ತದೆ. ಆದರೆ ಯಾವ ಸಿದ್ಧತೆಯೂ ಇಲ್ಲದೆ ನೋಡಿದರೆ, ದೇವರ ದನಿ ಕೇಳುವ ಒಬ್ಬ ಧೀರೆ ಪಿಸ್ತೂಲು ಹಿಡಿದು ಕತ್ತಲೆಯಲ್ಲಿ ಓಡಿದ ಸಾಹಸವಷ್ಟೇ ಮನಸ್ಸಿನಲ್ಲಿ ಉಳಿಯುತ್ತದೆ. ಟಬ್‌ಮನ್ ಅವರ ಧೈರ್ಯ ಎಷ್ಟು ದೊಡ್ಡದೋ, ಆ ಧೈರ್ಯದ ಬೆನ್ನಿಗೆ ನಿಂತಿದ್ದ ನೆಲದ ತಿಳಿವಳಿಕೆ, ದಿನ-ವಾರಗಳ ಲೆಕ್ಕಾಚಾರ ಮತ್ತು ಹತ್ತಾರು ಜನರ ಗುಟ್ಟಿನ ದುಡಿಮೆ ಕೂಡ ಅಷ್ಟೇ ದೊಡ್ಡವು. ಅವೆಲ್ಲ ಚಿತ್ರದೊಳಗೇ ಇವೆ, ಆದರೆ ಹುಡುಕಿಕೊಂಡು ನೋಡಬೇಕು. ಹಾಗೆ ನೋಡುವುದಕ್ಕೂ ಇತರರಿಗೆ ತೋರಿಸುವುದಕ್ಕೂ ಬೇಕಾದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಪ್ರದರ್ಶನಕ್ಕೆ ಮುನ್ನ

ಚಿತ್ರದ ಅವಧಿ ಎರಡು ಗಂಟೆ ಐದು ನಿಮಿಷ. ಆರಂಭದಲ್ಲಿ ಇಪ್ಪತ್ತು ನಿಮಿಷದ ಪೀಠಿಕೆ, ಕೊನೆಯಲ್ಲಿ ಒಂದು ಗಂಟೆಯ ಸಂವಾದ ಎಂದಿಟ್ಟುಕೊಂಡರೆ ಒಟ್ಟು ಮೂರೂವರೆ ಗಂಟೆ ಬೇಕಾಗುತ್ತದೆ. ಸಂಜೆ ತಡವಾಗಿ ಆರಂಭಿಸಿದರೆ ಸಂವಾದದ ಹೊತ್ತಿಗೆ ಸಭೆ ಕರಗಿಹೋಗುವುದರಿಂದ ರಜಾದಿನದ ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮನೆಯ ಬಳಕೆಗೆಂದು ಪಡೆದ ಸ್ಟ್ರೀಮಿಂಗ್ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿಯಾಗುವುದಿಲ್ಲ. ಸಭಾಂಗಣದಲ್ಲಿ ತೋರಿಸುವುದಾದರೆ ಹಕ್ಕುದಾರರ ಅಥವಾ ವಿತರಕರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.

ಚಿತ್ರವನ್ನು ತೋರಿಸುವವರು ಒಮ್ಮೆ ಒಬ್ಬರೇ ಕುಳಿತು ಪೂರ್ತಿ ನೋಡಿರಬೇಕು. ಹಿಂಸೆಯನ್ನು ಎಳೆದೆಳೆದು ತೋರಿಸುವ ಚಿತ್ರ ಇದಲ್ಲವಾದರೂ ಒಬ್ಬ ಹೆಣ್ಣುಮಗಳನ್ನು ಹೊಡೆದು ಕೊಲ್ಲುವ ದೃಶ್ಯವಿದೆ, ಬೆನ್ನ ಮೇಲಿನ ಗಾಯದ ಕಲೆಗಳಿವೆ, ಕಪ್ಪು ಜನರನ್ನು ಹೀಯಾಳಿಸುವ ಮಾತುಗಳಿವೆ. ಹೈಸ್ಕೂಲಿನ ಕೊನೆಯ ತರಗತಿಗಳ ಮಕ್ಕಳಿಗೆ ತೋರಿಸಬಹುದು, ಅದಕ್ಕಿಂತ ಚಿಕ್ಕವರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಸಂಭಾಷಣೆ ಹತ್ತೊಂಬತ್ತನೆಯ ಶತಮಾನದ ತೆಂಕಣ ರಾಜ್ಯಗಳ ಕಪ್ಪು ಜನರ ಆಡುಮಾತಿನ ಧಾಟಿಯಲ್ಲಿರುವುದರಿಂದ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಸಬ್‌ಟೈಟಲ್ ಬೇಕಾಗುತ್ತದೆ. ಮುಖ್ಯ ಪಾತ್ರಗಳ ಹೆಸರು ಮತ್ತು ಸಂಬಂಧಗಳನ್ನು ಕನ್ನಡದಲ್ಲಿ ಬರೆದ ಒಂದು ಪುಟವನ್ನು ಎಲ್ಲರ ಕೈಗೂ ಕೊಡಿ. ಆರಂಭದಲ್ಲಿ ಟಬ್‌ಮನ್ ಅವರನ್ನು ಎಲ್ಲರೂ ಮಿಂಟಿ ಎಂದು ಕರೆಯುತ್ತಾರೆ, ಏಕೆಂದರೆ ಅವರ ಹುಟ್ಟುಹೆಸರು ಅರಾಮಿಂಟಾ ರಾಸ್; ತಾಯಿ ರಿಟ್, ತಂದೆ ಬೆನ್ ರಾಸ್, ಗಂಡ ಜಾನ್ ಟಬ್‌ಮನ್, ಒಡೆಯನ ಮನೆತನದ ಹೆಸರು ಬ್ರೋಡೆಸ್. ಇಷ್ಟು ತಿಳಿದಿದ್ದರೆ ಮೊದಲ ಹದಿನೈದು ನಿಮಿಷ ಯಾರೂ ತಡವರಿಸುವುದಿಲ್ಲ.

ನಮ್ಮ ಕಡೆ ಮಧ್ಯಂತರ ಬಿಡುವ ರೂಢಿಯಿದೆ. ಬಿಡಲೇಬೇಕೆಂದಾದರೆ ಹ್ಯಾರಿಯೆಟ್ ಫಿಲಡೆಲ್ಫಿಯಾದಲ್ಲಿ, ಓಡಿಬಂದವರಿಗೆ ನೆರವಾಗುತ್ತಿದ್ದ ವಿಲಿಯಂ ಸ್ಟಿಲ್ ಅವರ ಕಚೇರಿಗೆ ಬಂದು ಹೊಸ ಹೆಸರು ಹೇಳಿದ ಮೇಲೆ ಬಿಡಿ. ಓಟದ ದೃಶ್ಯಗಳ ನಡುವೆ ಮಾತ್ರ ಚಿತ್ರವನ್ನು ನಿಲ್ಲಿಸಬಾರದು.

ಗೋಡೆಯ ಮೇಲೆ ಒಂದು ನಕ್ಷೆ

ಪೀಠಿಕೆಯ ಇಪ್ಪತ್ತು ನಿಮಿಷಗಳಲ್ಲಿ ಹತ್ತನ್ನು ನಕ್ಷೆಗೆ ಕೊಡಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಚೆಸಾಪೀಕ್ ಕೊಲ್ಲಿ ಮೇರಿಲ್ಯಾಂಡ್ ರಾಜ್ಯವನ್ನು ಎರಡಾಗಿ ಸೀಳುತ್ತದೆ. ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಡಾರ್ಚೆಸ್ಟರ್ ಕೌಂಟಿಯಲ್ಲಿ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದು) 1822ರ ಆಸುಪಾಸಿನಲ್ಲಿ ಟಬ್‌ಮನ್ ಹುಟ್ಟಿದರು. ಬಕ್‌ಟೌನ್ ಎಂಬ ಹಳ್ಳಿ, ಕೌಂಟಿಯ ಕೋರ್ಟು ಇದ್ದ ಕೇಂಬ್ರಿಡ್ಜ್ ಊರು, ಚಾಪ್‌ಟ್ಯಾಂಕ್ ನದಿ ಇವಿಷ್ಟನ್ನು ಗುರುತಿಸಿ. ಅಲ್ಲಿಂದ ಉತ್ತರಕ್ಕೆ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್, ಅದರಾಚೆ ಗಡಿ ದಾಟಿದರೆ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ. ನೇರ ದಾರಿಯಲ್ಲಿ ಸುಮಾರು 145 ಕಿಲೋಮೀಟರ್, ಅಡಗಿ ಸುತ್ತಿ ನಡೆದವರಿಗೆ ಇನ್ನೂ ಹೆಚ್ಚು. ಮೇರಿಲ್ಯಾಂಡ್ ಮತ್ತು ಡೆಲವೇರ್ ಎರಡರಲ್ಲೂ ಗುಲಾಮಗಿರಿ ಕಾನೂನುಬದ್ಧವಾಗಿತ್ತು, ಪೆನ್ಸಿಲ್ವೇನಿಯಾದಲ್ಲಿ ಇರಲಿಲ್ಲ. ಆದ್ದರಿಂದಲೇ ವಿಲ್ಮಿಂಗ್ಟನ್ ಊರಿನ ಥಾಮಸ್ ಗ್ಯಾರೆಟ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ವ್ಯಾಪಾರಿಯ ಮನೆಯಿಂದ ಗಡಿಯವರೆಗಿನ ಕೆಲವೇ ಮೈಲಿಗಳು ಇಡೀ ದಾರಿಯ ಅತಿ ಕಠಿಣ ಭಾಗಗಳಲ್ಲಿ ಒಂದಾಗಿದ್ದವು. ಚಿತ್ರೀಕರಣ ನಡೆದದ್ದು ವರ್ಜೀನಿಯಾದಲ್ಲಿ. ನಿಜವಾದ ಡಾರ್ಚೆಸ್ಟರ್ ಸಪಾಟಾದ ಜೌಗು ನೆಲ, ಉಬ್ಬರವಿಳಿತದ ತೊರೆಗಳು ಹೆಣೆದುಕೊಂಡ ಕಾಡು. ಆ ನೆಲದ ಒಂದೆರಡು ಛಾಯಾಚಿತ್ರಗಳನ್ನು ಪೀಠಿಕೆಯಲ್ಲೇ ತೋರಿಸಿದರೆ ಅಲ್ಲಿ ರಾತ್ರಿ ನಡೆಯುವುದೆಂದರೆ ಏನೆಂಬುದು ನೋಡುಗರಿಗೆ ತಾನಾಗಿ ತಿಳಿಯುತ್ತದೆ.

ಉಳಿದ ಹತ್ತು ನಿಮಿಷಗಳಲ್ಲಿ ಎರಡು ಸಂಗತಿಗಳನ್ನು ಹೇಳಿ. ಮೊದಲನೆಯದು ಆ ಸೀಮೆಯ ಜನಸಂಖ್ಯೆ. 1850ರ ಜನಗಣತಿಯ ಪ್ರಕಾರ ಮೇರಿಲ್ಯಾಂಡಿನಲ್ಲಿ 90,368 ಗುಲಾಮರೂ 74,723 ಸ್ವತಂತ್ರ ಕಪ್ಪು ಜನರೂ ಇದ್ದರು. ಎರಡು ಗುಂಪುಗಳೂ ಒಂದೇ ಊರಿನಲ್ಲಿ, ಹಲವೊಮ್ಮೆ ಒಂದೇ ಕುಟುಂಬದಲ್ಲಿ ಬೆರೆತು ಬಾಳುತ್ತಿದ್ದವು. ಟಬ್‌ಮನ್ ಅವರ ತಂದೆ 1840ರಲ್ಲಿ ಬಿಡುಗಡೆ ಪಡೆದಿದ್ದರು, ಗಂಡ ಸ್ವತಂತ್ರ, ತಾಯಿ ಗುಲಾಮಳು. ಮಕ್ಕಳು ತಾಯಿಯ ಸ್ಥಿತಿಯನ್ನೇ ಪಡೆಯಬೇಕೆಂಬುದು ಕಾನೂನು, ಆದ್ದರಿಂದ ಟಬ್‌ಮನ್ ಹುಟ್ಟಿದ ಗಳಿಗೆಯಿಂದಲೇ ಒಡೆಯನ ಸ್ವತ್ತು. ಅವರಿಗೆ ಮಕ್ಕಳಾಗಿದ್ದರೆ ತಂದೆ ಸ್ವತಂತ್ರನಾಗಿದ್ದರೂ ಆ ಮಕ್ಕಳೂ ಒಡೆಯನ ಸ್ವತ್ತೇ ಆಗುತ್ತಿದ್ದರು. ಈ ಒಂದು ನಿಯಮ ತಿಳಿಯದಿದ್ದರೆ ಚಿತ್ರದ ಮೊದಲ ದೃಶ್ಯಗಳ ತಳಮಳವೇ ಅರ್ಥವಾಗುವುದಿಲ್ಲ.

ಎರಡನೆಯದು 1850ರ ಪರಾರಿ ಗುಲಾಮರ ಕಾಯಿದೆ. ಗುಲಾಮಗಿರಿಯಿಲ್ಲದ ರಾಜ್ಯಗಳಿಂದಲೂ ಓಡಿಹೋದವರನ್ನು ಹಿಡಿದು ಹಿಂದಕ್ಕೆ ಒಯ್ಯಲು ಅದು ಅವಕಾಶ ಕೊಟ್ಟಿತು. ನೆರವಾದವರಿಗೆ 1,000 ಡಾಲರ್ ವರೆಗೆ ದಂಡ ಮತ್ತು ಆರು ತಿಂಗಳ ವರೆಗೆ ಸೆರೆ. ಹಿಡಿದು ತಂದ ವ್ಯಕ್ತಿಯನ್ನು ಒಡೆಯನಿಗೆ ಒಪ್ಪಿಸಬೇಕೆಂದು ತೀರ್ಮಾನಿಸಿದರೆ ಆಯುಕ್ತನಿಗೆ 10 ಡಾಲರ್ ಶುಲ್ಕ, ಬಿಟ್ಟುಬಿಟ್ಟರೆ 5 ಡಾಲರ್. ಹಿಡಿದವನ ಪರವಾಗಿ ತೀರ್ಪು ಕೊಟ್ಟವನಿಗೆ ಇಮ್ಮಡಿ ಸಂಭಾವನೆ ಸಿಗುವಂತೆ ಶಾಸನಸಭೆಯೇ ಕಾನೂನು ಬರೆದಿತ್ತು. ಫಿಲಡೆಲ್ಫಿಯಾ ಸೇರಿದವರು ಅಲ್ಲಿ ನಿಲ್ಲದೆ ಕೆನಡಾದ ಸೇಂಟ್ ಕ್ಯಾಥರೀನ್ಸ್ ವರೆಗೆ ಏಕೆ ಹೋಗಬೇಕಾಯಿತು, ಚಿತ್ರದ ನಡುವೆ ಫಿಲಡೆಲ್ಫಿಯಾದ ಬೀದಿಗಳಲ್ಲಿ ಒಮ್ಮೆಲೇ ಹಾಹಾಕಾರ ಏಕೆ ಏಳುತ್ತದೆ ಎಂಬುದಕ್ಕೆ ಈ ಕಾಯಿದೆಯಲ್ಲಿ ಉತ್ತರವಿದೆ.

ನೋಡುವಾಗ ಕಾಗದಗಳ ಮೇಲೆ ಕಣ್ಣಿಡಿ

ಚಿತ್ರದಲ್ಲಿ ಯಾವುದನ್ನು ಗಮನಿಸಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಕಾಗದವನ್ನು. ಗುಲಾಮಗಿರಿಯೆಂದರೆ ಚಾವಟಿ ಮತ್ತು ಸಂಕೋಲೆ ಎಂದು ನಾವು ಚಿತ್ರಿಸಿಕೊಂಡಿರುತ್ತೇವೆ. ಆ ಚಾವಟಿ ಎತ್ತುವ ಅಧಿಕಾರವನ್ನು ಕೊಟ್ಟದ್ದು ಉಯಿಲು, ಕ್ರಯಪತ್ರ, ಜಾಹೀರಾತು, ರಹದಾರಿ ಮೊದಲಾದ ಬರಹಗಳು. ಟಬ್‌ಮನ್ ಜೀವಮಾನವಿಡೀ ಓದುಬರಹ ಕಲಿಯಲಿಲ್ಲ. ಓದುಬರಹ ಬಾರದ ಒಬ್ಬರು ಇಷ್ಟೊಂದು ಬರಹಗಳನ್ನು ಹೇಗೆ ಎದುರಿಸಿದರು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ ಚಿತ್ರದ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಏನಾದರೂ ಸಿಗುತ್ತದೆ.

ಆರಂಭದಲ್ಲೇ ವಕೀಲರ ಪತ್ರವೊಂದು ಬರುತ್ತದೆ, ಒಡೆಯ ಅದನ್ನು ಹರಿದು ಹಾಕುತ್ತಾನೆ. ಇದರ ಹಿಂದೆ ದಾಖಲಾದ ಸಂಗತಿಯಿದೆ. ರಿಟ್ ಅವರ ಹಳೆಯ ಒಡೆಯ ಅಥೊ ಪ್ಯಾಟಿಸನ್ ತನ್ನ ಉಯಿಲಿನಲ್ಲಿ ಆಕೆಯನ್ನು ಮೊಮ್ಮಗಳಿಗೆ ಕೊಡುವಾಗ ನಲವತ್ತೈದು ವರ್ಷ ತುಂಬುವವರೆಗೆ ಮಾತ್ರ ಎಂದು ಬರೆದಿದ್ದ. ಆ ವಯಸ್ಸು ಕಳೆದುಹೋದರೂ ರಿಟ್ ಅವರನ್ನಾಗಲಿ ಮಕ್ಕಳನ್ನಾಗಲಿ ಬಿಡಲಿಲ್ಲ. ಟಬ್‌ಮನ್ ತಾವು ದುಡಿದು ಉಳಿಸಿದ ಐದು ಡಾಲರನ್ನು ವಕೀಲನಿಗೆ ಕೊಟ್ಟು ಉಯಿಲನ್ನು ಹುಡುಕಿಸಿದ ಮೇಲೆಯೇ ಮನೆಯವರಿಗೆ ವಿಷಯ ಗೊತ್ತಾದದ್ದು. ಆ ಹೊತ್ತಿಗೆ ಅಕ್ಕಂದಿರಲ್ಲಿ ಮೂವರನ್ನು ಬ್ರೋಡೆಸ್ ದೂರದ ತೆಂಕಣ ಸೀಮೆಗೆ ಮಾರಿಬಿಟ್ಟಿದ್ದ. ಚಿತ್ರದಲ್ಲಿ ಈ ಅಕ್ಕಂದಿರ ಅಗಲಿಕೆ ನೆನಪಿನ ಮಿಂಚುಗಳಾಗಿ ಬಂದುಹೋಗುತ್ತದೆ. ಕಿರಿಯ ಮಗ ಮೋಸೆಸನನ್ನು ಕೊಳ್ಳಲು ವ್ಯಾಪಾರಿ ಬಂದಾಗ ಮಾತ್ರ ರಿಟ್ ಮಗನನ್ನು ಬಚ್ಚಿಟ್ಟು, ಮನೆಯೊಳಗೆ ಕಾಲಿಟ್ಟವನ ತಲೆ ಒಡೆಯುತ್ತೇನೆಂದು ಬಾಗಿಲಲ್ಲಿ ನಿಂತರು, ವ್ಯಾಪಾರ ಮುರಿದುಬಿತ್ತು. ಹ್ಯಾರಿಯೆಟ್ ಅವರ ಹಟ ಎಲ್ಲಿಂದ ಬಂತೆಂದು ಕೇಳುವ ವಿದ್ಯಾರ್ಥಿಗಳಿಗೆ ಈ ತಾಯಿಯ ಪ್ರಸಂಗವನ್ನು ತಪ್ಪದೆ ಹೇಳಿ.

ಮುಂದೆ ಒಡೆಯ ಸಾಯುತ್ತಾನೆ. 1849ರ ಮಾರ್ಚಿನಲ್ಲಿ ಎಡ್ವರ್ಡ್ ಬ್ರೋಡೆಸ್ ಸತ್ತದ್ದು ನಿಜ. ಅವನ ಮನಸ್ಸು ತಿರುಗದಿದ್ದರೆ ಅವನನ್ನೇ ತೆಗೆದುಕೊಂಡುಬಿಡು ಎಂದು ಟಬ್‌ಮನ್ ಪ್ರಾರ್ಥಿಸಿದ್ದು, ಅವನು ಸತ್ತ ಮೇಲೆ ಆ ಪ್ರಾರ್ಥನೆಗಾಗಿ ಮರುಗಿದ್ದು ಎರಡೂ ಅವರೇ ಹೇಳಿಕೊಂಡ ಸಂಗತಿಗಳು. ಒಡೆಯನ ಸಾವು ಗುಲಾಮರಿಗೆ ಬಿಡುಗಡೆ ತರುವುದಿಲ್ಲ, ಮಾರಾಟದ ಭಯ ತರುತ್ತದೆ. ಸಾಲ ತೀರಿಸಲು ಮನುಷ್ಯರನ್ನು ಮಾರಬೇಕಾದ ವಿಧವೆಯ ಸ್ಥಿತಿಯಲ್ಲಿ ಎಲೈಜಾ ಬ್ರೋಡೆಸ್ ಇದ್ದಳು. ಆ ಸೆಪ್ಟೆಂಬರ್ 17ರಂದು ಟಬ್‌ಮನ್ ತಮ್ಮ ಸೋದರರಾದ ಬೆನ್ ಮತ್ತು ಹೆನ್ರಿ ಅವರೊಡನೆ ಓಡಿಹೋದರು. ಪತ್ರಿಕೆಯಲ್ಲಿ ಎಲೈಜಾ ಕೊಟ್ಟ ಜಾಹೀರಾತು ಉಳಿದುಬಂದಿದೆ: ಮಿಂಟಿಗೆ ಸುಮಾರು ಇಪ್ಪತ್ತೇಳು ವರ್ಷ, ಐದಡಿ ಎತ್ತರ, ರಾಜ್ಯದೊಳಗೆ ಸಿಕ್ಕರೆ ತಲಾ 50 ಡಾಲರ್, ಹೊರಗೆ ಸಿಕ್ಕರೆ ತಲಾ 100 ಡಾಲರ್ ಬಹುಮಾನ. ಸೋದರರು ಹೆದರಿ ಹಿಂತಿರುಗಿದರು, ಟಬ್‌ಮನ್ ಅವರನ್ನೂ ಜೊತೆಗೆ ಕರೆತಂದರು. ಆಮೇಲೆ ಟಬ್‌ಮನ್ ಒಬ್ಬರೇ ಹೊರಟರು. ಚಿತ್ರ ಈ ಮೊದಲ ಯತ್ನವನ್ನು ಬಿಟ್ಟು ನೇರವಾಗಿ ಒಂಟಿ ಓಟಕ್ಕೆ ಬರುತ್ತದೆ, ಸೇತುವೆಯ ಮೇಲಿಂದ ಹೊಳೆಗೆ ಹಾರುವ ದೃಶ್ಯವನ್ನು ಕಟ್ಟುತ್ತದೆ. ದೃಶ್ಯ ಪರಿಣಾಮಕಾರಿಯಾಗಿದೆ, ಆದರೆ ಅದಕ್ಕೆ ದಾಖಲೆಯ ಆಧಾರವಿಲ್ಲ. ಹೋಗಿ, ಹಿಂತಿರುಗಿ, ಮತ್ತೆ ಹೊರಟ ನಿಜವಾದ ಕಥೆಯಲ್ಲಿ ಸೋದರರ ಹೆದರಿಕೆಗೂ ಸ್ಥಳವಿದೆ. ಹೆಂಡತಿ ಮಕ್ಕಳನ್ನು ಬಿಟ್ಟುಹೋಗಲಾರದ ಗಂಡಸಿನ ಸಂಕಟವೂ ಅದರಲ್ಲಿದೆ.

ಕಾಗದದ ಇನ್ನೊಂದು ಮುಖವನ್ನು ವಿಲಿಯಂ ಸ್ಟಿಲ್ ಅವರ ಕಚೇರಿಯಲ್ಲಿ ನೋಡುತ್ತೀರಿ. ಬಂದವರ ಹೆಸರು, ಊರು, ಒಡೆಯನ ಹೆಸರು, ಬಿಟ್ಟುಬಂದ ಬಂಧುಗಳ ವಿವರ ಎಲ್ಲವನ್ನೂ ಅವರು ಬರೆದಿಟ್ಟುಕೊಳ್ಳುತ್ತಾರೆ. ಸ್ಟಿಲ್ ಚಾರಿತ್ರಿಕ ವ್ಯಕ್ತಿ. 1850ರಲ್ಲಿ ಅವರ ಕಚೇರಿಗೆ ಬಂದು ತನ್ನವರನ್ನು ಹುಡುಕುತ್ತಿದ್ದೇನೆಂದ ನಡುವಯಸ್ಸು ದಾಟಿದ ವ್ಯಕ್ತಿ ಮಾತಾಡುತ್ತ ಆಡುತ್ತ ಅವರದೇ ಒಡಹುಟ್ಟಿದ ಅಣ್ಣ ಪೀಟರ್ ಎಂದು ತಿಳಿಯಿತು. ಹರಿದುಹೋದ ಕುಟುಂಬಗಳು ಎಂದಾದರೂ ಮತ್ತೆ ಒಂದಾಗಲು ಈ ವಿವರಗಳು ಬೇಕಾಗುತ್ತವೆಂದು ಆ ಬಳಿಕ ಅವರು ಇನ್ನಷ್ಟು ಎಚ್ಚರದಿಂದ ಬರೆದರು, ಸಿಕ್ಕಿಬಿದ್ದರೆ ಅಪಾಯವೆಂದು ಅಡಗಿಸಿಟ್ಟರು, ಗುಲಾಮಗಿರಿ ಅಳಿದ ಮೇಲೆ 1872ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸ್ಟಿಲ್ ಪಾತ್ರದ ಲೆಸ್ಲಿ ಓಡಮ್ ಜೂನಿಯರ್ ಲೇಖನಿ ಹಿಡಿದು ಕುಳಿತ ಆ ದೃಶ್ಯವನ್ನು ನೋಡುವಾಗ ಇದು ನೆನಪಿನಲ್ಲಿರಲಿ.

ಪಯಣದ ಲೆಕ್ಕಾಚಾರ

ಅಂಡರ್‌ಗ್ರೌಂಡ್ ರೈಲ್‌ರೋಡ್ ಎಂಬುದು ಗುಟ್ಟಾಗಿ ದಾರಿ ತೋರಿಸುವವರ, ಅಡಗಲು ಮನೆ ಕೊಡುವವರ, ದುಡ್ಡು ಕೂಡಿಸುವವರ ಜಾಲವಾಗಿತ್ತು ಎಂದು ಒಂದು ಸಾಲಿನಲ್ಲಿ ಹೇಳಿಬಿಡಿ. ಇಲ್ಲವಾದರೆ ಸುರಂಗದ ರೈಲನ್ನು ಕಾಯುತ್ತ ಕೂರುವ ನೋಡುಗರೂ ಇರುತ್ತಾರೆ. ಟಬ್‌ಮನ್ ಆ ಜಾಲದಲ್ಲಿ ಹೇಗೆ ಕೆಲಸ ಮಾಡಿದರೆಂಬುದನ್ನು ಚಿತ್ರ ವೇಗವಾಗಿ ದಾಟಿಸುತ್ತದೆ, ಆದ್ದರಿಂದ ನೀವು ನಿಧಾನಿಸಬೇಕು.

ಅವರು ಹೆಚ್ಚಾಗಿ ಚಳಿಗಾಲವನ್ನೇ ಆರಿಸಿಕೊಳ್ಳುತ್ತಿದ್ದರು, ಏಕೆಂದರೆ ಆಗ ರಾತ್ರಿ ದೀರ್ಘ, ಜನ ಮನೆಯೊಳಗೆ. ಹೊರಡುವುದು ಶನಿವಾರ ರಾತ್ರಿ. ಭಾನುವಾರ ಕೆಲಸದ ದಿನವಲ್ಲ, ಸೋಮವಾರದವರೆಗೆ ಪತ್ರಿಕೆಯಲ್ಲಿ ಜಾಹೀರಾತು ಅಚ್ಚಾಗುವುದಿಲ್ಲ, ಅಷ್ಟರಲ್ಲಿ ಒಂದೂವರೆ ದಿನದ ದಾರಿ ಹಿಂದೆ ಬಿದ್ದಿರುತ್ತದೆ. ಎಳೆಗೂಸುಗಳು ಅಳದಂತೆ ಅಫೀಮು ಬೆರೆತ ಔಷಧಿ ಕುಡಿಸುತ್ತಿದ್ದರು. ನಡುದಾರಿಯಲ್ಲಿ ಹಿಂತಿರುಗುತ್ತೇನೆ ಎಂದವನಿಗೆ ಪಿಸ್ತೂಲು ತೋರಿಸುತ್ತಿದ್ದರು, ಹಿಂದೆ ಹೋದವನೊಬ್ಬ ದಾರಿಯ ಮನೆಗಳನ್ನೆಲ್ಲ ಬಯಲು ಮಾಡಬಲ್ಲ ಎಂಬ ಕಾರಣಕ್ಕೆ. ಹಗಲಲ್ಲಿ ಊರೊಳಗೆ ಸಾಗಬೇಕಾದಾಗ ಜೀವಂತ ಕೋಳಿಗಳನ್ನು ಹಿಡಿದು ಬಗ್ಗಿ ನಡೆಯುವ ಮುದುಕಿಯಾಗಿ, ಎದುರಿಗೆ ಹಿಂದಿನ ಧಣಿ ಕಂಡೊಡನೆ ಕೋಳಿಗಳ ಕಾಲಿನ ದಾರ ಎಳೆದು ಅವುಗಳ ಗದ್ದಲದಲ್ಲಿ ಮುಖ ಮರೆಸಿಕೊಂಡ ಕಥೆಯನ್ನೂ ಅವರು ಹೇಳಿದ್ದರು. ತಂದೆಯ ಜೊತೆ ಮರ ಕಡಿಯುವ ಕೆಲಸದಲ್ಲಿ ಕಾಡನ್ನು ಕಲಿತಿದ್ದರು. ಮರ ಸಾಗಿಸುವ ಹಡಗುಗಳ ಕಪ್ಪು ನಾವಿಕರಿಂದ ದೂರದ ಊರುಗಳ ಸುದ್ದಿ ಆ ಕೂಪುಗಳಿಗೆ ಬರುತ್ತಿತ್ತು.

1854ರ ಕ್ರಿಸ್ಮಸ್ ಪ್ರಸಂಗವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿಯುತ್ತೇನೆ. ಕ್ರಿಸ್ಮಸ್ಸಿನ ಮರುದಿನ ಸೋದರರನ್ನು ಮಾರಲಿದ್ದಾರೆಂದು ತಿಳಿದು ಟಬ್‌ಮನ್, ಜೇಕಬ್ ಜಾಕ್ಸನ್ ಎಂಬ ಓದುಬಲ್ಲ ಸ್ವತಂತ್ರ ಕಪ್ಪು ವ್ಯಕ್ತಿಗೆ ಪತ್ರ ಬರೆಸಿದರು. ನನ್ನ ಸೋದರರಿಗೆ ಸದಾ ಪ್ರಾರ್ಥನೆಯಲ್ಲಿ ಎಚ್ಚರವಾಗಿರಲು ಹೇಳಿ, ಜಿಯೋನಿನ ಹಡಗು ಬಂದಾಗ ಹತ್ತಲು ಸಿದ್ಧರಿರಲಿ ಎಂಬಂಥ ಭಕ್ತಿಯ ಮಾತುಗಳು ಅದರಲ್ಲಿದ್ದವು. ಅಂಚೆಯವರು ಒಡೆದು ಓದಿದರು, ತಲೆಬುಡ ತಿಳಿಯಲಿಲ್ಲ. ಜಾಕ್ಸನ್ ತನಗೂ ತಿಳಿಯದೆಂದು ಹೇಳಿ ನೇರವಾಗಿ ಹೋಗಿ ಸೋದರರಿಗೆ ಸುದ್ದಿ ಮುಟ್ಟಿಸಿದ. ಓಡಿಬಂದವರು ತಂದೆ ತಾಯಿಯ ಗುಡಿಸಲ ಬಳಿಯ ಮೇವಿನ ಕೊಟ್ಟಿಗೆಯಲ್ಲಿ ಅಡಗಿದರು. ಮುಂದೆ ವಿಚಾರಣೆಯಾದಾಗ ಮಕ್ಕಳನ್ನು ಕಂಡಿಲ್ಲವೆಂದು ಸುಳ್ಳಾಡದೆ ಹೇಳಲು ಬೆನ್ ರಾಸ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಊಟ ತಂದುಕೊಟ್ಟು, ಕಟ್ಟಿದ ಕಣ್ಣಲ್ಲೇ ಒಂದಿಷ್ಟು ದೂರ ಬೀಳ್ಕೊಡಲು ಬಂದರು. ತಾಯಿಗೆ ಹೇಳಲಿಲ್ಲ, ದುಃಖ ತಡೆಯಲಾರದೆ ಕೂಗಿಬಿಡಬಹುದೆಂಬ ಭಯ. ಮಕ್ಕಳು ಹಬ್ಬದ ಊಟಕ್ಕೆ ಬರುವರೆಂದು ಕಾಯುತ್ತಿದ್ದ ಆಕೆಯನ್ನು ಮಕ್ಕಳು ಹಲಗೆಯ ಸಂದಿಯಿಂದ ನೋಡಿ ಹೊರಟುಹೋದರು. ಕಣ್ಣು ಕಟ್ಟಿಕೊಂಡ ತಂದೆ ಚಿತ್ರದಲ್ಲಿದ್ದಾರೆ. ಆ ದೃಶ್ಯ ಬಂದಾಗ ಸಭೆಯಲ್ಲಿ ಕೆಲವರು ಅದನ್ನು ನಾಟಕೀಯ ಕಲ್ಪನೆ ಎಂದುಕೊಳ್ಳುತ್ತಾರೆ. ಸಂವಾದದಲ್ಲಿ ಈ ಹಿನ್ನೆಲೆಯನ್ನು ತಿಳಿಸಿ.

ಮರಿ ಸಾಹಸವೊಂದನ್ನೂ ಸೇರಿಸಬಹುದು. 1850ರ ಡಿಸೆಂಬರಿನಲ್ಲಿ ಕೇಂಬ್ರಿಡ್ಜ್ ಕೋರ್ಟಿನ ಮುಂದೆ ಟಬ್‌ಮನ್ ಅವರ ಅಕ್ಕನ ಮಗಳು ಕೆಸ್ಸಾಯಾ ಮತ್ತು ಮಕ್ಕಳನ್ನು ಹರಾಜಿಗಿಟ್ಟಾಗ, ಆಕೆಯ ಗಂಡ, ಸ್ವತಂತ್ರ ವ್ಯಕ್ತಿಯಾದ ಜಾನ್ ಬೌಲಿ ತಾನೇ ಬೆಲೆ ಕೂಗಿ ಗೆದ್ದ. ಹರಾಜುಗಾರ ಊಟಕ್ಕೆ ಹೋಗಿ ಬಂದು ಹಣ ಕೇಳುವಷ್ಟರಲ್ಲಿ ತಾಯಿ ಮಕ್ಕಳು ಅಲ್ಲಿರಲಿಲ್ಲ. ಮುಂದೆ ದೋಣಿಯಲ್ಲಿ ಬಾಲ್ಟಿಮೋರ್ ತಲುಪಿ ಟಬ್‌ಮನ್ ಅವರನ್ನು ಸೇರಿಕೊಂಡರು.

ದೇವರ ದನಿಯ ಪ್ರಶ್ನೆ

ಹ್ಯಾರಿಯೆಟ್ ಒಮ್ಮೆಲೇ ನಿಶ್ಚಲರಾಗುವುದು, ಮುಂದಾಗುವುದನ್ನು ಕಾಣುವುದು ಚಿತ್ರದಲ್ಲಿ ಹಲವು ಸಲ ಬರುತ್ತದೆ, ಯುವ ನೋಡುಗರಿಗೆ ಇದು ಮುಜುಗರ ತರುತ್ತದೆ. ಹದಿಹರೆಯದಲ್ಲಿ ಬಕ್‌ಟೌನಿನ ಅಂಗಡಿಯೊಂದರಲ್ಲಿ, ಓಡುತ್ತಿದ್ದ ಇನ್ನೊಬ್ಬನತ್ತ ಮೇಲ್ವಿಚಾರಕ ಎಸೆದ ಎರಡು ಪೌಂಡಿನ ತೂಕದ ಬಟ್ಟು ಅವರ ತಲೆಗೆ ಬಿತ್ತು. ಆಗಿನಿಂದ ಕೊನೆಯವರೆಗೂ ತಲೆನೋವು, ಇದ್ದಕ್ಕಿದ್ದಂತೆ ಕವಿಯುವ ನಿದ್ದೆ, ಕಾಣ್ಕೆಗಳು ಅವರೊಡನಿದ್ದವು. ಇದು ಒಂದು ಬಗೆಯ ಅಪಸ್ಮಾರವಿರಬೇಕೆಂದು ಇಂದಿನ ಚರಿತ್ರಕಾರರು ಭಾವಿಸುತ್ತಾರೆ. ಅವರಿಗೆ ಮಾತ್ರ ಅದು ದೇವರೊಡನೆ ಮಾತು. ದೇವರ ದನಿಯಲ್ಲಿ ಇಷ್ಟು ನಂಬಿಕೆಯಿದ್ದ ಮನುಷ್ಯರನ್ನು ತಾನು ಯಾವ ಬಣ್ಣದವರಲ್ಲೂ ಕಂಡಿಲ್ಲವೆಂದು ಥಾಮಸ್ ಗ್ಯಾರೆಟ್ ಬರೆದಿದ್ದಾರೆ. ಹಿಂದೆ ಮುಂದೆ ನೋಡದೆ ಹೊಳೆಗಿಳಿದು ದಾಟಿದ ಪ್ರಸಂಗವೂ ಅವರ ಪತ್ರದಿಂದಲೇ ನಮಗೆ ಬಂದಿದೆ. ಸಂವಾದದಲ್ಲಿ ವೈದ್ಯಕೀಯ ವಿವರಣೆಯನ್ನೂ ಅವರ ಸ್ವಂತ ವಿವರಣೆಯನ್ನೂ ಪಕ್ಕಪಕ್ಕದಲ್ಲಿಟ್ಟು ಮುಂದೆ ಸಾಗಿ. ಚಿತ್ರದ ದೋಷವಿರುವುದು ಈ ಕಾಣ್ಕೆಗಳನ್ನು ತೋರಿಸಿದ್ದರಲ್ಲಲ್ಲ, ಅವಕ್ಕೆ ಕೊಟ್ಟ ತೂಕವನ್ನು ಶನಿವಾರದ ಲೆಕ್ಕಕ್ಕೂ ಜಾಕ್ಸನನಿಗೆ ಬರೆಸಿದ ಪತ್ರಕ್ಕೂ ಕೊಡದಿರುವುದರಲ್ಲಿ.

ಹಾಡುಗಳ ಬಗ್ಗೆ ಒಂದು ಮಾತು ಸಾಕು. ಹ್ಯಾರಿಯೆಟ್ ಪಾತ್ರದ ಸಿಂಥಿಯಾ ಎರಿವೊ ನಟಿಯೂ ಹೌದು, ಗಾಯಕಿಯೂ ಹೌದು. ಈ ಚಿತ್ರದ ಅಭಿನಯಕ್ಕೂ ಕೊನೆಯಲ್ಲಿ ಬರುವ ಹಾಡಿಗೂ ಅವರು ಆಸ್ಕರ್ ನಾಮನಿರ್ದೇಶನ ಪಡೆದರು. ಹೆಸರುಗಳು ತೆರೆಯ ಮೇಲೆ ಹಾಯುವಾಗ ದೀಪ ಹಾಕಬೇಡಿ.

ಚಿತ್ರವನ್ನೂ ದಾಖಲೆಯನ್ನೂ ಬೇರೆ ಮಾಡುವುದು

ಸಂವಾದದ ಮೊದಲ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಿ. ಕರಿಹಲಗೆಯ ಮೇಲೆ ಮೂರು ಅಂಕಣ ಎಳೆದು, ದಾಖಲೆಯಿರುವುದು, ಟಬ್‌ಮನ್ ಮತ್ತು ಅವರ ಒಡನಾಡಿಗಳು ನೆನಪಿನಿಂದ ಹೇಳಿದ್ದು, ಚಿತ್ರಕಥೆಗಾರರು ಕಲ್ಪಿಸಿದ್ದು ಎಂದು ಬರೆದು, ನೋಡುಗರಿಂದಲೇ ದೃಶ್ಯಗಳನ್ನು ಹೇಳಿಸಿ ತುಂಬಿಸಿ. ಒಡೆಯನ ಮಗ ಗಿಡಿಯನ್, ಫಿಲಡೆಲ್ಫಿಯಾದ ವಸತಿಗೃಹದ ಒಡತಿ ಮೇರಿ ಬ್ಯೂಕನನ್, ಗುಲಾಮರನ್ನು ಬೇಟೆಯಾಡುವ ಕಪ್ಪು ವ್ಯಕ್ತಿ ಬಿಗರ್ ಲಾಂಗ್, ಅವನ ಸಹಚರ ವಾಲ್ಟರ್ ಇವರೆಲ್ಲ ಮೂರನೆಯ ಅಂಕಣಕ್ಕೆ ಸೇರಿದವರು. ಮೇರಿ ಪಾತ್ರ ಕಲ್ಪಿತವಾದರೂ ನ್ಯಾಯವಾದದ್ದು, ಓಡಿಬಂದವರಿಗೆ ಆಸರೆ ಕೊಟ್ಟ ಸ್ವತಂತ್ರ ಕಪ್ಪು ಹೆಂಗಸರು ಆ ನಗರದಲ್ಲಿ ನಿಜವಾಗಿಯೂ ಇದ್ದರು. ಬಿಗರ್ ಲಾಂಗ್ ಪಾತ್ರದ ಬಗ್ಗೆ ನನಗೆ ತಕರಾರಿದೆ. ಕಪ್ಪು ಜನರೊಳಗೂ ದ್ರೋಹ ನಡೆದದ್ದುಂಟು: 1857ರಲ್ಲಿ ಡಾರ್ಚೆಸ್ಟರಿನಿಂದ ಓಡಿಬಂದ ಎಂಟು ಮಂದಿಯನ್ನು ಥಾಮಸ್ ಓಟ್ವೆಲ್ ಎಂಬ ಕಪ್ಪು ದಾರಿಗಾರನೇ ಬಹುಮಾನದ ಆಸೆಗೆ ಡೋವರ್ ಊರಿನ ಸೆರೆಮನೆಗೆ ಕರ‍ೆದೊಯ್ದ, ಅವರು ಹೇಗೋ ಪಾರಾದರು. ಆದರೆ ಅತ್ಯಂತ ಕ್ರೂರ ಕೊಲೆಯನ್ನು ಕಪ್ಪು ಬೇಟೆಗಾರನ ಕೈಯಿಂದ ಮಾಡಿಸಿದಾಗ, ಆ ಬೇಟೆಯನ್ನು ಕಾನೂನುಬದ್ಧ ಉದ್ಯೋಗವಾಗಿಸಿದ ಬಿಳಿಯ ಸಮಾಜದ ಹೊಣೆ ನೋಡುಗರ ಮನಸ್ಸಿನಲ್ಲಿ ಹಗುರಾಗಿಬಿಡುತ್ತದೆ.

ಆ ಎಂಟು ಮಂದಿ ಪಾರಾದ ಬಳಿಕ ಅಧಿಕಾರಿಗಳು ಪಾದ್ರಿ ಸ್ಯಾಮ್ಯುಯೆಲ್ ಗ್ರೀನ್ ಅವರ ಮನೆ ಶೋಧಿಸಿದರು. ಚಿತ್ರದಲ್ಲಿ ಹ್ಯಾರಿಯೆಟ್‌ಗೆ ದಾರಿ ಹೇಳಿಕೊಡುವ ಪಾದ್ರಿ ಇವರೇ, ದಾಖಲೆಯಲ್ಲಿರುವ ವ್ಯಕ್ತಿ. ಗುಲಾಮರಿಗೆ ನೆರವಾದ ಸಾಕ್ಷ್ಯ ಸಿಗಲಿಲ್ಲ. ಗುಲಾಮಗಿರಿಯನ್ನು ವಿರೋಧಿಸುವ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ಪ್ರತಿ ಸಿಕ್ಕಿತು. ಒಂದು ಪುಸ್ತಕವನ್ನು ಮನೆಯಲ್ಲಿಟ್ಟುಕೊಂಡದ್ದಕ್ಕೆ ಹತ್ತು ವರ್ಷದ ಶಿಕ್ಷೆಯಾಯಿತು. ಓದುಗರ ಬಳಗದಲ್ಲಿ ಚಿತ್ರ ತೋರಿಸುವವರು ಇದನ್ನು ಮರೆಯಬೇಡಿ.

ಅಂಕಿ-ಅಂಶಗಳಲ್ಲೂ ಎಚ್ಚರ ಬೇಕು. ಹತ್ತೊಂಬತ್ತು ಪಯಣ, ಮುನ್ನೂರು ಜನ ಎಂಬ ಹಳೆಯ ಎಣಿಕೆ ಇನ್ನೂ ಪಠ್ಯಗಳಲ್ಲಿ ಉಳಿದಿದೆ. ದಾಖಲೆಗಳನ್ನು ತಾಳೆನೋಡಿದ ಸಂಶೋಧಕರು ಸುಮಾರು ಹದಿಮೂರು ಪಯಣ, ಸುಮಾರು ಎಪ್ಪತ್ತು ಜನ ಎನ್ನುತ್ತಾರೆ. ಟಬ್‌ಮನ್ ಅವರ ತಲೆಗೆ 40,000 ಡಾಲರ್ ಬಹುಮಾನವಿತ್ತೆಂಬುದೂ ಆಮೇಲೆ ಹುಟ್ಟಿದ ಕಥೆ. ಎಪ್ಪತ್ತು ಎಂದೊಡನೆ ಸಭೆಯಲ್ಲಿ ಸಣ್ಣ ನಿರಾಸೆ ಹರಿದಾಡಿದರೆ, ಒಂದೊಂದು ಸಲವೂ ಜೀವ ಒತ್ತೆಯಿಟ್ಟು ಹೋಗಿ ಬಂದ ದಾರಿಯನ್ನು ಗೋಡೆಯ ಮೇಲಿನ ನಕ್ಷೆಯಲ್ಲಿ ಮತ್ತೊಮ್ಮೆ ತೋರಿಸಿ. ತಾವು ಗುಲಾಮರೆಂದು ಅವರಿಗೇ ತಿಳಿದಿದ್ದರೆ ಇನ್ನೂ ಸಾವಿರ ಜನರನ್ನು ಬಿಡಿಸುತ್ತಿದ್ದೆ ಎಂಬ ಮಾತೊಂದು ಅವರ ಹೆಸರಿನಲ್ಲಿ ಅಂತರ್ಜಾಲದಲ್ಲಿ ಹರಿದಾಡುತ್ತಿದೆ. ಅದನ್ನು ಅವರು ಹೇಳಿದ್ದಕ್ಕೆ ಆಧಾರವಿಲ್ಲ. ಮಗನನ್ನು ಬಚ್ಚಿಟ್ಟ ರಿಟ್, ಕಣ್ಣು ಕಟ್ಟಿಕೊಂಡ ಬೆನ್, ಹರಾಜಿನಲ್ಲಿ ಕೂಗಿದ ಜಾನ್ ಬೌಲಿ ಇವರನ್ನು ಬಲ್ಲವರು ಅಂಥ ಮಾತನ್ನು ಹಂಚಿಕೊಳ್ಳಲಾರರು. ಗುಲಾಮರಿಗೆ ತಮ್ಮ ಸ್ಥಿತಿ ತಿಳಿದಿರಲಿಲ್ಲವೆನ್ನುವುದು ಅವರಿಗೆ ಮಾಡುವ ಅವಮಾನ.

ಚಿತ್ರದ ಕೊನೆಯಲ್ಲಿ ಕೆಲವೇ ನಿಮಿಷ ಬರುವ ಕಂಬಾಹೀ ನದಿಯ ದಾಳಿ ನಡೆದದ್ದು ಅಂತರ್ಯುದ್ಧದ ನಡುವೆ, 1863ರ ಜೂನ್ 2ರಂದು, ಸೌತ್ ಕ್ಯಾರೊಲಿನಾದಲ್ಲಿ. ಟಬ್‌ಮನ್ ಅವರ ಬೇಹುಗಾರಿಕೆಯ ನೆರವಿನಿಂದ ಕರ್ನಲ್ ಜೇಮ್ಸ್ ಮಾಂಟ್ಗೊಮರಿಯ ಕಪ್ಪು ಸೈನಿಕರು ಒಂದೇ ದಾಳಿಯಲ್ಲಿ 700ಕ್ಕೂ ಹೆಚ್ಚು ಜನರನ್ನು ಬಿಡುಗಡೆ ಮಾಡಿದರು. ಈ ಸೇವೆಗೆ ಪಿಂಚಣಿ ಕೇಳಿ ಅವರು ದಶಕಗಳ ಕಾಲ ಅಲೆದರು. 1890ರ ದಶಕದಲ್ಲಿ ಮೊದಲು ಸಿಕ್ಕಿದ್ದು ಎರಡನೆಯ ಗಂಡನಾದ ಸೈನಿಕನ ವಿಧವೆಯೆಂಬ ಕಾರಣಕ್ಕೆ ತಿಂಗಳಿಗೆ 8 ಡಾಲರ್, 1899ರಲ್ಲಿ ಅದು 20 ಡಾಲರ್ ಆಯಿತು. 1913ರ ಮಾರ್ಚ್ 10ರಂದು ನ್ಯೂಯಾರ್ಕ್ ರಾಜ್ಯದ ಆಬರ್ನ್ ಪಟ್ಟಣದಲ್ಲಿ ತೀರಿಕೊಂಡರು.

ಮಾತು ನಮ್ಮ ನೆಲಕ್ಕೆ ಬಂದಾಗ

ಬಂದೇ ಬರುತ್ತದೆ, ತಡೆಯಬೇಡಿ. ಜೀತದ ಹೋಲಿಕೆಯನ್ನು ಯಾರಾದರೂ ಎತ್ತುತ್ತಾರೆ. ಸಾಲದ ಹೆಸರಿನಲ್ಲಿ ತಲೆಮಾರುಗಟ್ಟಲೆ ದುಡಿಸಿಕೊಂಡ ಜೀತಪದ್ಧತಿಯನ್ನು ಭಾರತ 1976ರ ಕಾಯಿದೆಯಿಂದ ನಿಷೇಧಿಸಿತು; ಅಮೆರಿಕದ ಗುಲಾಮಗಿರಿಯಲ್ಲಿ ಸಾಲದ ನೆಪವೂ ಬೇಕಿರಲಿಲ್ಲ, ಮನುಷ್ಯರು ನೇರವಾಗಿ ಸ್ವತ್ತಾಗಿದ್ದರು, ಅಡವಿಡಬಹುದಿತ್ತು, ಹರಾಜು ಹಾಕಬಹುದಿತ್ತು. ಜೀತಕ್ಕೆ ಜಾತಿಯ ಬೇರು, ಅಲ್ಲಿಯದಕ್ಕೆ ಜನಾಂಗದ ಬೇರು. ಹೋಲಿಕೆ ಹೊಸದೇನಲ್ಲ: ಜ್ಯೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಎರಡರ ಭೇದವನ್ನು ಹೇಳಿಯೇ ಹೋಲಿಕೆಗೆ ಇಳಿಯುವಂತೆ ಸಭೆಯನ್ನು ನಡೆಸಿ.

ಇನ್ನೂ ಹತ್ತಿರದ ನಂಟೊಂದು ಉತ್ತರ ಕನ್ನಡದಲ್ಲಿದೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿ ಸಮುದಾಯದ ಪೂರ್ವಿಕರಲ್ಲಿ ಅಂಥವರು ಹಲವರು. 2003ರಲ್ಲಿ ಈ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ‘ಹ್ಯಾರಿಯೆಟ್’ ನೋಡಿದ ಸಭೆಗೆ ಈ ಚರಿತ್ರೆಯ ಮೇಲೆ ಇನ್ನೊಂದು ದಿನವನ್ನೇ ಮೀಸಲಿಡಬೇಕು. ಅದೇ ದಿನ ಕೊನೆಯ ಹತ್ತು ನಿಮಿಷದಲ್ಲಿ ತುರುಕಬಾರದು. ಆ ದಿನಕ್ಕೆ ಸಿದ್ದಿ ಸಮುದಾಯದವರನ್ನು ಕರೆಯುವುದಾದರೆ ಡಮಾಮಿ ಕುಣಿತದ ಪ್ರದರ್ಶನಕ್ಕೆಂದು ಕರೆಯಬೇಡಿ, ಮಾತಾಡಲು ಕರೆಯಿರಿ. ವಿಷಯವನ್ನು ಅವರೇ ಆರಿಸಿಕೊಳ್ಳಲಿ, ಭೂಮಿ, ಅರಣ್ಯ ಹಕ್ಕು, ಶಿಕ್ಷಣದ ಬಗ್ಗೆ ಮಾತಾಡಲು ಬಯಸಿದರೆ ಪೂರ್ವಿಕರ ಕಥೆಗೆ ಎಳೆಯಬೇಡಿ. ಪ್ರಯಾಣದ ಖರ್ಚನ್ನೂ ಸಂಭಾವನೆಯನ್ನೂ ಇತರ ಉಪನ್ಯಾಸಕರಿಗೆ ಕೊಡುವಷ್ಟೇ ಕೊಡಿ, ಸಭೆ ಕೇಳಬಯಸುವ ಪ್ರಶ್ನೆಗಳನ್ನು ಒಂದು ವಾರ ಮೊದಲೇ ಅವರಿಗೆ ಕಳುಹಿಸಿ.